ಹಿಂದಿನ ಚಕ್ರಕ್ಕೆ ಆಸ್ಟಿನ್ ಟೈರು

ನಮ್ಮ ಯಜಮಾನರ ಹೆಸರು ಪಿಳ್ಳಪ್ಪ. ಬರೆಯಲು ಕೂತಿರುವುದರಿಂದ ಹೆಸರು ಹಿಡಿದು ಹೇಳುತ್ತಿದ್ದೇನೆ. ಅವರು ಬದುಕಿದ್ದಷ್ಟು ದಿನ ಆ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಬೈಯುವಾಗಲೂ ಬಂದದ್ದಿಲ್ಲ, ಬೈದದ್ದು ಮಾತ್ರ ಬೇಕಾದಷ್ಟಿದೆ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಬರೀ ಪಿಳ್ಳಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೊಟ್ಟೆ ಪಿಳ್ಳಪ್ಪ ಎನ್ನಬೇಕಿತ್ತು. ಕೋಳಿ ಮೊಟ್ಟೆಯಲ್ಲ, ರೇಷ್ಮೆ ಹುಳುವಿನ ಮೊಟ್ಟೆ.

ಊರಿನಲ್ಲಿ ವೆಂಕಟರಾಮಪ್ಪನವರದ್ದೊಂದು ಬಿತ್ತನೆ ಕೋಠಿ ಇತ್ತು. ಅಲ್ಲಿ ಚಿಟ್ಟೆಗಳು ಕಾಗದದ ಹಾಳೆಯ ಮೇಲೆ ಗಸಗಸೆಯಷ್ಟು ಮೊಟ್ಟೆ ಇಡುತ್ತಿದ್ದವು. ಆ ಹಾಳೆಗಳನ್ನು ಹುಳು ಸಾಕುವವರ ಮನೆಗೆ ತಲುಪಿಸುವುದು ಇವರ ಕೆಲಸ. ಕೇಳಲು ಏನೂ ಅಲ್ಲ. ಆದರೆ ಮೊಟ್ಟೆ ನೀಲಿಗೆ ತಿರುಗಿತೆಂದರೆ ಮರುದಿನ ಬೆಳಿಗ್ಗೆ ಒಡೆಯುತ್ತದೆ. ಅಷ್ಟರೊಳಗೆ ರೈತರ ಮನೆಯಲ್ಲಿ ಎಳೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿಕೊಂಡು ಕಾದಿರುವವರ ಕೈಗೆ ಅದು ಸೇರಬೇಕು. ದಾರಿಯಲ್ಲಿ ಒಡೆದರೆ ಅಷ್ಟೂ ಹುಳು ಇರುವೆಯ ಪಾಲು, ಆ ಮನೆಯವರಿಗೆ ಆ ಬೆಳೆಯೇ ಇಲ್ಲ. ಇವರಿಗೆ ಗೊತ್ತುಮಾಡಿದ್ದ ಊರುಗಳೆಲ್ಲ ದೊಡ್ಡಬೆಳವಂಗಲದ ಸುತ್ತಮುತ್ತಲಿನವು. ದೇವನಹಳ್ಳಿ ದಾಟಿ, ದೊಡ್ಡಬಳ್ಳಾಪುರ ದಾಟಿ, ಆಮೇಲೂ ಮಣ್ಣು ರಸ್ತೆಯಲ್ಲಿ ಹೋಗುತ್ತಲೇ ಇರಬೇಕು.

ಅದಕ್ಕೆಂದೇ ಅರವತ್ತೈದರ ಯುದ್ಧಕ್ಕೆ ಹಿಂದಿನ ವರ್ಷ ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಬಿ.ಎಸ್.ಎ. ಮೋಟಾರ್ ಸೈಕಲ್ ತಂದರು. ದೂರ ದೂರದ ಸವಾರಿಗೆ ಮಾಡಿದ ಗಾಡಿ. ಎಮ್ಮೆಯಂಥ ಮೈ, ಒದ್ದರೆ ತಕ್ಷಣ ಎದ್ದೇಳುವ ಪೈಕಿಯಲ್ಲ. ಇವರು ಅದನ್ನು ಎಷ್ಟು ಮುದ್ದು ಮಾಡುತ್ತಿದ್ದರೆಂದರೆ, ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನೂ ಅಷ್ಟು ಮಾಡಿರಲಿಲ್ಲ. ಹಿಂದಿನ ಸೀಟಿನ ಜಾಗದಲ್ಲಿ ಬಿದಿರಿನ ಪೆಟ್ಟಿಗೆ ಕಟ್ಟಿಸಿದರು. ಒಳಗೆ ಒಣಹುಲ್ಲು, ಅದರ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಮೊಟ್ಟೆ ಹಾಳೆ. ಕೋಳಿ ಕೂಗುವ ಹೊತ್ತಿಗೆ ಹೊರಟು, ಬಿಸಿಲೇರುವ ಮುಂಚೆ ಮನೆ ಮನೆಗೆ ಹಂಚಿ, ಇಳಿಹೊತ್ತಿಗೆ ವಾಪಸ್ಸಾಗುತ್ತಿದ್ದರು.

ಹುಳು ಸಾಕುವ ಮನೆಗಳದ್ದು ಒಂದು ಕಟ್ಟುನಿಟ್ಟಿದೆ, ಗೊತ್ತಿಲ್ಲದವರಿಗೆ ಹೇಳಬೇಕು. ಆ ಹುಳುವಿಗೆ ವಾಸನೆ ಆಗುವುದಿಲ್ಲ. ಬೀಡಿ ಸೇದಿದವನು ಒಳಗೆ ಬರಬಾರದು, ಮಲ್ಲಿಗೆ ಮುಡಿದವಳು ಬರಬಾರದು, ಒಗ್ಗರಣೆಯ ಹೊಗೆ ಕೂಡ ಆ ಕಡೆ ಹೋಗಬಾರದು. ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಸಾಯುತ್ತವೆ ಎಂದು ನಂಬಿಕೆ. ಹಾಗಾಗಿ ಯಜಮಾನರು ಗಾಡಿಯನ್ನು ಊರಾಚೆಯ ಮರದ ಕೆಳಗೇ ನಿಲ್ಲಿಸಿ, ಬಾವಿಯ ಹತ್ತಿರ ಬೂದಿ ಹಚ್ಚಿ ಕೈ ತೊಳೆದು, ಪೆಟ್ಟಿಗೆ ಹೊತ್ತು ನಡೆದು ಹೋಗುತ್ತಿದ್ದರು. ಆದರೂ ಹೊಸಿಲಲ್ಲಿ ಹೆಂಗಸರು ನಿಂತು ಒಮ್ಮೆ ಮೂಸುತ್ತಿದ್ದರು. ಅಂಜಿನಮ್ಮ ಅನ್ನುವ ಹೆಂಗಸಿದ್ದಳು, ಆ ಕಡೆಯ ಮನೆಗಳಿಗೆಲ್ಲ ಹಿರಿಯಳು. ಅವಳ ಮೂಗು ಪೊಲೀಸು ಮೂಗು. “ಯಾಕಪ್ಪ ಪಿಳ್ಳಪ್ಪ, ಇವತ್ತು ಬೆಳ್ಳುಳ್ಳಿ ತಿಂದಿದ್ದೀಯ?” ಎಂದು ಕೇಳಿಬಿಡುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಸಾರಿಗೆ ಬೆಳ್ಳುಳ್ಳಿ ಹಾಕುವುದು ನಿಂತದ್ದು ಹಾಗೆ.

ಎಪ್ಪತ್ತಮೂರನೆಯ ಇಸವಿ ಇರಬೇಕು, ಪೆಟ್ರೋಲಿನ ಬೆಲೆ ಹೋಗಿ ಆಕಾಶದಲ್ಲಿ ಕೂತಿತ್ತಲ್ಲ, ಆ ವರ್ಷ ಗಾಡಿಯ ಹಿಂದಿನ ಟೈರು ಕೈ ಕೊಟ್ಟಿತು. ಮಣ್ಣು ರಸ್ತೆ, ಮೇಲೆ ಪೆಟ್ಟಿಗೆಯ ಭಾರ, ಯಾವ ಟೈರು ತಾನೇ ತಡೆದೀತು. ದಾರ ಕಾಣಿಸುತ್ತಿತ್ತು. ಹೊಸ ಟೈರು ಬೇಕೆಂದು ದೊಡ್ಡಬಳ್ಳಾಪುರ, ಹೊಸಕೋಟೆ, ಬೆಂಗಳೂರು ಎಲ್ಲ ಸುತ್ತಿ ಬಂದರು. ಮೋಟಾರ್ ಸೈಕಲ್ ಟೈರು ಎಂಬುದು ಅಂಗಡಿಯಲ್ಲಿ ಕಣ್ಣಿಗೆ ಬೀಳದ ಕಾಲ ಅದು. ಬಂದದ್ದೆಲ್ಲ ಹೊಸ ಗಾಡಿಗಳಿಗೇ ಹೋಗುತ್ತಿತ್ತು, ಮಿಕ್ಕದ್ದು ಕಳ್ಳ ದಾರಿ ಹಿಡಿಯುತ್ತಿತ್ತು. ಇವರಿಗೆ ಕಳ್ಳ ದಾರಿ ತುಳಿದು ಗೊತ್ತಿಲ್ಲ.

ಬಸ್ ನಿಲ್ದಾಣದ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದ ಬೈರಣ್ಣ ಆಗ ಒಂದು ಉಪಾಯ ಹೇಳಿದ. ಅವನ ಬಾಯಿಗೆ ಮಣ್ಣು ಬೀಳಲಿ. ದೇವನಹಳ್ಳಿಯಲ್ಲಿ ಯಾರೋ ಸಾಹುಕಾರರ ಶೆಡ್ಡಿನಲ್ಲಿ ಹಳೆಯ ಬೇಬಿ ಆಸ್ಟಿನ್ ಕಾರು ನಿಂತಿದೆ, ಕೋಳಿಗಳು ಅದರೊಳಗೆ ಕಾವು ಕೂರುತ್ತಿವೆ, ಆದರೆ ಸ್ಟೆಪ್ನಿ ಟೈರು ಮಾತ್ರ ಗಟ್ಟಿಯಾಗಿದೆ. “ಚಕ್ರದ ಅಳತೆ ಎರಡೂ ಒಂದೇ ಕಣಣ್ಣ. ಕೂತ್ಕೊಂಡ್ರೆ ಇನ್ನು ನಿನ್ನ ಜೀವಮಾನಕ್ಕೆ ತಿರುಗಿ ನೋಡೋ ಹಂಗಿಲ್ಲ,” ಎಂದ.

“ಎರಡು ಕಾಲಿನ ಗಾಡಿಗೆ ಕಾರಿನ ಟೈರಾ?” ಎಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಾಕಿದ ದಿನ ನಾನೂ ಹೋಗಿ ನಿಂತಿದ್ದೆ, ನೋಡೋಣ ಇವರ ಘನಕಾರ್ಯ ಎಂದು. ಚೈನು ಕಳಚಿ ಹಿಂದಿನ ಚಕ್ರ ಬಿಚ್ಚಿದರು. ಆಸ್ಟಿನ್ ಟೈರಿನ ಅಂಚು ದಪ್ಪ, ಗಡುಸು. ಬೈರಣ್ಣ ಸೋಪಿನ ನೀರು ಬಳಿದ, ಎರಡು ಕಬ್ಬಿಣದ ಪಟ್ಟಿ ತೂರಿಸಿ ಮೀಟಿದ, ಮೇಲೆ ಹತ್ತಿ ನಿಂತು ತುಳಿದ. ಒಂದು ಕಡೆ ಒಳಗೆ ಕೂತರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಮೊದಲ ಸಲ ಟ್ಯೂಬು ಸಿಕ್ಕಿ ಹರಿಯಿತು. ಎರಡನೆಯ ಸಲ ಹೇಗೋ ಒಳಗೆ ಸೇರಿಸಿ, ಇಬ್ಬರೂ ಸರದಿಯ ಮೇಲೆ ಕೈಪಂಪಿನಿಂದ ಗಾಳಿ ಹೊಡೆದರು. ಅಂಚು ಹೋಗಿ ರಿಮ್ಮಿಗೆ ಕೂತಾಗ ಢಬ್ ಎಂದು ಸದ್ದಾಯಿತು. ಎದುರಿನ ಹೋಟೆಲಿನವರು ಏನೋ ಸಿಡಿಯಿತೆಂದು ಎದ್ದು ಹೊರಗೆ ಬಂದರು. ಚಕ್ರ ತಿರುಗಿ ಜೋಡಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮಡ್‌ಗಾರ್ಡಿನ ಕಂಬಿ ಬಗ್ಗಿಸಿದರು. ಆಮೇಲೆ ಚೈನಿನ ಮುಚ್ಚಳಕ್ಕೆ ತಗುಲುತ್ತಿತ್ತು, ಅದನ್ನು ಸುತ್ತಿಗೆಯಲ್ಲಿ ಬಡಿದು ತಗ್ಗು ಮಾಡಿದರು. ಸಂಜೆ ಹೊತ್ತಿಗೆ ಗಾಡಿ ನಿಂತಿತ್ತು. ಸ್ಟ್ಯಾಂಡು ಹಾಕದಿದ್ದರೂ ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಿತ್ತು, ಅಷ್ಟು ಅಗಲ ಟೈರು. ಬೈರಣ್ಣ ಎದೆ ಉಬ್ಬಿಸಿಕೊಂಡು, “ನೋಡಕ್ಕ,” ಎಂದ. ನೋಡಿದೆ. ಏನು ನೋಡುವುದು.

ನೇರ ರಸ್ತೆಯಲ್ಲಿ ಆ ಟೈರಿನದ್ದು ತಕರಾರಿರಲಿಲ್ಲ. ತಕರಾರು ತಿರುವಿನಲ್ಲಿ. ಮೋಟಾರ್ ಸೈಕಲ್ ಟೈರು ದುಂಡಗಿರುತ್ತದೆ, ತಿರುವು ಬಂದಾಗ ಗಾಡಿ ತಾನಾಗಿ ವಾಲುತ್ತದೆ. ಕಾರಿನ ಟೈರು ಮಣೆಯಂತೆ ಚಪ್ಪಟೆ. ವಾಲು ಎಂದರೆ ವಾಲುವುದಿಲ್ಲ, ನಾನು ನೆಟ್ಟಗೇ ಹೋಗುತ್ತೇನೆ ಎನ್ನುತ್ತದೆ. ಹ್ಯಾಂಡಲನ್ನು ತೋಳಿನ ಬಲದಿಂದ ಒತ್ತಿ ಹಿಡಿದು, ಭುಜ ಒಂದು ಕಡೆ ಜೋತುಹಾಕಿ, ಗಾಡಿಯನ್ನು ಒಪ್ಪಿಸಿ ಒಪ್ಪಿಸಿ ತಿರುಗಿಸಬೇಕು. ದೊಡ್ಡಬೆಳವಂಗಲದ ದಾರಿಯಲ್ಲಿ ತಿರುವಿಗೇನು ಬರ. ಒಂದು ಕೆರೆ ಏರಿ ಇಳಿದರೆ ಇನ್ನೊಂದು ಕೆರೆ ಏರಿ.

ಮೊದಮೊದಲು ಮೈ ಕೈ ನೋವು ಎಂದರು. ಆಮೇಲೆ ಬಲಭುಜ ಎಂದರು. ನಾನು ಅಮೃತಾಂಜನದ ಶೀಸೆ ತೆಗೆದುಕೊಂಡು ಬಂದರೆ ಹಾವು ಕಂಡವರಂತೆ ಹಿಂದೆ ಸರಿದರು.

“ಲೇ, ಇಡೇ ಅದನ್ನ! ನಾಳೆ ಮೊಟ್ಟೆ ಮುಟ್ಟೋನು ನಾನು. ಆ ನಾತ ನಾಲ್ಕು ದಿನ ಹೋಗಲ್ಲ.”

“ಕರ್ಪೂರದೆಣ್ಣೆ ಹಚ್ಲಾ?”

“ಅದಿನ್ನೂ ಘಾಟು. ಹೊಸಿಲು ತುಳಿಯೋಕ್ಕೆ ಬಿಡ್ತಾಳಾ ಅಂಜಿನಮ್ಮ?”

ನೀಲಗಿರಿ ಎಣ್ಣೆ ಬೇಡ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬೇಡ, ಲಕ್ಕಿ ಸೊಪ್ಪಿನ ಶಾಖವೂ ಬೇಡ. ಇನ್ನುಳಿದದ್ದು ಉಪ್ಪು. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಉಪ್ಪಿಗೆ ವಾಸನೆ ಇಲ್ಲವಲ್ಲ. ದಿನಾ ಸಂಜೆ ಅದೇ ಕೆಲಸ. ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುವರು, ನಾನು ಹಿಂದೆ ಕೂತು ಒತ್ತುವೆನು. ಇಬ್ಬರಿಗೂ ಮಾತಾಡುವ ಉಸಿರಿರುತ್ತಿರಲಿಲ್ಲ. ಭುಜ ಮುಟ್ಟಿದರೆ ಸಾಕು, ಇವತ್ತು ಯಾವ ಊರಿಗೆ ಹೋಗಿ ಬಂದರೆಂದು ನನಗೆ ತಿಳಿಯುತ್ತಿತ್ತು. ಕೆರೆಗಳು ಹೆಚ್ಚಿರುವ ದಾರಿಗೆ ಹೋದ ದಿನ ಆ ಜಾಗ ಕಲ್ಲಾಗಿರುತ್ತಿತ್ತು.

ರೇಷ್ಮೆ ಬೆಳೆಗೆ ಬಿಡುವೆಂಬುದಿಲ್ಲ. ರಾಗಿಯಾದರೆ ಕೊಯ್ದ ಮೇಲೆ ನಾಲ್ಕು ತಿಂಗಳು ಕೂರಬಹುದು. ಇಲ್ಲಿ ಒಂದು ಬೆಳೆ ಗೂಡು ಕಟ್ಟುವ ಹೊತ್ತಿಗೆ ಇನ್ನೊಂದಕ್ಕೆ ಸೊಪ್ಪು ಚಿಗುರಿರುತ್ತದೆ. ಈ ಬೆಳೆ ಒಂದು ಆಗಲಿ, ಆಮೇಲೆ ಕೈಗೆ ವಿಶ್ರಾಂತಿ ಕೊಡುತ್ತೇನೆ ಎನ್ನುವರು. ಆ ಬೆಳೆಯಾಗುವುದು, ಈ ಬೆಳೆ ಬರುವುದು. ಹೀಗೇ ಒಂದು ವರ್ಷ ಹೋಯಿತು, ಎರಡಾಯಿತು.

ಒಂದು ದಿನ ಊಟಕ್ಕೆ ಬಡಿಸಿ ನೋಡುತ್ತೇನೆ, ಮುದ್ದೆ ಮುರಿದ ಕೈ ಬಾಯಿಗೆ ಬರುತ್ತಿಲ್ಲ, ಬಾಯಿಯೇ ತಟ್ಟೆಯ ಹತ್ತಿರ ಹೋಗುತ್ತಿದೆ. ನೋಡಿಯೂ ನೋಡದವಳಂತೆ ಸಾರು ಬಡಿಸಿದೆ. ಮರುದಿನ ಅಂಗಿ ಹಾಕಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಎಡಗೈಯಲ್ಲಿ ಬಲಗೈಯನ್ನು ಹಿಡಿದೆತ್ತಿ ತೋಳಿನೊಳಗೆ ತೂರಿಸುತ್ತಿದ್ದರು. ಅವತ್ತೇ ಎಳೆದುಕೊಂಡು ಹೋಗಿ ನಾಟಿ ವೈದ್ಯ ಲಕ್ಷ್ಮಯ್ಯನವರಿಗೆ ತೋರಿಸಿದೆ. ಅವರು ಕೈಯನ್ನು ಹಿಂದೆ ಮುಂದೆ ಆಡಿಸಿ ನೋಡಿ, “ಎರಡು ಬೆಳೆ ಬಿಟ್ಬಿಡಪ್ಪ. ಎಣ್ಣೆ ಹಾಕಿ ಕಟ್ತೀನಿ, ಗಾಡಿ ಮುಟ್ಬ್ಯಾಡ. ಈಗ್ಲೇ ಆದ್ರೆ ಕೈ ಬರ್ತದೆ. ತಡ ಮಾಡಿದ್ರೆ ನಾನಲ್ಲ, ಯಾರೂ ಏನೂ ಮಾಡಕ್ಕಾಗಲ್ಲ,” ಎಂದರು.

“ಈ ಬೆಳೆ ಆಗ್ಲಿ ಸ್ವಾಮಿ,” ಎಂದರು ಇವರು.

ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಲಿಲ್ಲ. “ನಿಮಗೇನು ಬುದ್ಧಿ ಕೆಟ್ಟಿದ್ಯಾ? ಕೈ ಹೋದ್ಮೇಲೆ ಏನು ಮಾಡ್ತೀರಿ? ಬಸ್ಸಿನಲ್ಲಾದ್ರೂ ತಗೊಂಡ್ಹೋಗ್ರಿ!”

“ಬಸ್ಸಲ್ಲಿ ಬೀಡಿ ಹೊಗೆ ಕಣೇ. ಕಿಟಕಿ ಮುಚ್ಕೊಂಡು ಊರೆಲ್ಲ ಸೇದ್ತಾರೆ. ಒಡೆಯೋಕ್ಕೆ ಬಂದ ಮೊಟ್ಟೆ ಅದು, ತಡೀತದಾ? ಗಾಡೀಲಾದ್ರೆ ಗಾಳಿ ಹೊಡ್ಕೊಂಡೋಗ್ತದೆ.”

“ಹಂಗಾದ್ರೆ ಬಿಟ್ಟೇ ಬಿಡಿ. ವೆಂಕಟರಾಮಪ್ಪನೋರು ಕೋಠೀಲೇ ಕೂತ್ಕೊಂಡು ಮಾಡೋ ಕೆಲಸ ಕೊಡ್ತೀನಿ ಅಂದಿಲ್ವಾ?”

ಅವರು ನಿಂತರು. ಸಿಟ್ಟು ಮಾಡುವ ಮನುಷ್ಯರಲ್ಲ, ಅವತ್ತೂ ಮಾಡಲಿಲ್ಲ. “ಆ ಜನ ನನ್ನ ನಂಬ್ಕೊಂಡವ್ರೆ. ಇಷ್ಟು ವರ್ಷದಿಂದ ಒಂದು ಮೊಟ್ಟೆ ಕೆಡದಂಗೆ ಕೊಟ್ಟಿದ್ದೀನಿ. ಈಗ ಮಧ್ಯದಲ್ಲಿ ಕೈ ಬಿಟ್ರೆ ಅವ್ರು ಎಲ್ಲಿಗೆ ಹೋಗ್ತಾರೆ?” ಎಂದು ಹೇಳಿ ನಡೆದರು. ನಾನು ತಲೆ ಚಚ್ಚಿಕೊಂಡೆ. ಮನುಷ್ಯನಿಗೆ ಒಳ್ಳೆಯತನ ಇರಬೇಕು, ಇಷ್ಟಿರಬಾರದು.

ಅವರು ಕೆಲಸ ಬಿಡುವುದಿಲ್ಲವೆಂದ ಮೇಲೆ ಟೈರನ್ನಾದರೂ ಬದಲಾಯಿಸಬೇಕೆಂದು ನಾನು ಹಟ ಹಿಡಿದೆ. ನನ್ನ ತಮ್ಮ ಸಂಜೀವಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದ. ಹಬ್ಬಕ್ಕೆ ಬಂದಾಗಲೆಲ್ಲ ಅವನ ಪ್ರಾಣ ತಿಂದೆ. “ಅಕ್ಕ, ಸಿಗಲ್ಲ ಕಣಕ್ಕ,” ಎನ್ನುವನು. “ನಿನ್ನ ಭಾವನ ಕೈ ಸಿಗ್ತದೇನೋ ಹುಡುಕಿದ್ರೆ?” ಎನ್ನುವೆನು. ಕೊನೆಗೆ ಕಾರ್ಖಾನೆಯಲ್ಲಿ ಜೊತೆಗಿದ್ದ ಯಾರದೋ ಕೈಕಾಲು ಹಿಡಿದು ಹೊಸದೊಂದು ಮೋಟಾರ್ ಸೈಕಲ್ ಟೈರು ಸಂಪಾದಿಸಿಕೊಂಡು ಬಂದ. ಬಸ್ಸಿನಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದನಂತೆ, ಕಂಡಕ್ಟರು ಟೈರಿಗೂ ಅರ್ಧ ಟಿಕೆಟ್ಟು ಕೇಳಿದನಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಇಳಿಯುವ ಮುಂಚೆಯೇ ಟೈರು ಈಸಿಕೊಂಡೆ.

ಬೈರಣ್ಣ ಮುಖ ಗಂಟಿಕ್ಕಿಕೊಂಡು ಆಸ್ಟಿನ್ ಟೈರು ಬಿಚ್ಚಿದ. ಮೂರು ವರ್ಷವಾದರೂ ಅದು ಸವೆದಿರಲಿಲ್ಲ, ಪಾಪಿ. ಹೊಸದನ್ನು ಹಾಕಿದ ಮೇಲೆ ಯಜಮಾನರು ಸಂತೆಬೀದಿಯವರೆಗೆ ಹೋಗಿ ಬಂದರು. “ಹೂವು ಹೋದಂಗೆ ಹೋಗ್ತದೆ ಕಣೇ,” ಎಂದರು. ಎಷ್ಟೋ ದಿನದ ಮೇಲೆ ಅವರ ಹಲ್ಲು ನೋಡಿದೆ. ಶಾವಿಗೆ ಪಾಯಸ ಮಾಡಿ ಬಡಿಸಿದೆ.

ಮರುದಿನ ನೀಲಿಗೆ ತಿರುಗಿದ ಮೊಟ್ಟೆ ಹೊತ್ತು ಹೊರಟವರು ಸಂಜೆ ಬಸ್ಸಿನಲ್ಲಿ ಬಂದರು. ಮೊಣಕಾಲಿಗೆ ಪಟ್ಟಿ, ಮುಂಗೈ ತರಚಿ ಹೋಗಿದೆ, ಬಲಗೈ ಕೊರಳಿಗೆ ಕಟ್ಟಿದ ಟವೆಲಿನಲ್ಲಿ ಜೋತಾಡುತ್ತಿದೆ. ಮೈಯೆಲ್ಲ ಟಿಂಕ್ಚರಿನ ವಾಸನೆ. ನಾನು ಕಿರುಚಿಕೊಂಡೆ.

ಆದದ್ದಿಷ್ಟು. ದೊಡ್ಡಬೆಳವಂಗಲ ಇನ್ನೇನು ಬಂತೆನ್ನುವಾಗ ಒಂದು ಕೆರೆ ಏರಿಯ ತಿರುವು. ಮೂರು ವರ್ಷ ಆ ತಿರುವಿನಲ್ಲಿ ಗಾಡಿಯನ್ನು ಒತ್ತಿ ಒತ್ತಿ ತಿರುಗಿಸಿದ ಮೈ. ಹೊಸ ಟೈರು ಅಂಥ ಬಲ ಕೇಳುವುದಿಲ್ಲವೆಂದು ತಲೆಗೆ ಗೊತ್ತಿತ್ತು, ತೋಳಿಗೆ ಗೊತ್ತಿರಲಿಲ್ಲ. “ಎಂದಿನಂಗೆ ಒತ್ತಿದೆ ಕಣೇ. ಅದು ಮಲಗೇಬಿಡ್ತು,” ಎಂದರು. ಗಾಡಿ ಒಂದು ಕಡೆ, ಇವರು ಒಂದು ಕಡೆ. ಪೆಟ್ಟಿಗೆಯೊಳಗೆ ಹುಲ್ಲು ದಂಡಿಯಾಗಿದ್ದರಿಂದ ಮೊಟ್ಟೆಗೆ ಏನೂ ಆಗಿರಲಿಲ್ಲ. ಹಿಂದೆ ಬರುತ್ತಿದ್ದ ಸರ್ಕಾರಿ ಬಸ್ಸು ನಿಂತಿತು. ಕಂಡಕ್ಟರು ಪುಣ್ಯಾತ್ಮ, ಇಳಿದು ಬಂದು ತನ್ನ ಪೆಟ್ಟಿಗೆಯಲ್ಲಿದ್ದ ಟಿಂಕ್ಚರನ್ನು ಗಾಯಕ್ಕೆಲ್ಲ ಸುರಿದ. ಇವರು ಬೇಡ ಬೇಡ ಎಂದು ಕೂಗಿದರೂ ಉರಿಗೆ ಕೂಗುತ್ತಿದ್ದಾರೆಂದುಕೊಂಡು ಇನ್ನಷ್ಟು ಸುರಿದನಂತೆ.

ಆ ವಾಸನೆ ಹೊತ್ತು ಊರೊಳಗೆ ಹೋಗುವುದು ಹೇಗೆ? ಗಾಡಿಯನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು ಎಡಗೈಯಲ್ಲಿ ಹಿಡಿದು ಊರಾಚೆಯ ಆ ಮರದವರೆಗೆ ನಡೆದಿದ್ದಾರೆ. ಪೆಟ್ಟಿಗೆಯನ್ನು ಗಾಳಿ ಬರುವ ಕಡೆ ಇಟ್ಟು, ತಾವು ದೂರ ಕೂತು, ದಾರಿಯಲ್ಲಿ ಹೋಗುವವರ ಕೈಲಿ ಹೇಳಿಕಳಿಸಿದ್ದಾರೆ. ಅಂಜಿನಮ್ಮ ನಾಲ್ಕು ಮನೆಯ ಹೆಂಗಸರನ್ನು ಕರೆದುಕೊಂಡು ಬಂದಳಂತೆ. ಪೆಟ್ಟಿಗೆ ಒಳಗೆ ಕಳಿಸಿ ಅವಳೊಬ್ಬಳೇ ನಿಂತು, ಇವರ ಕೈಯನ್ನೇ ನೋಡಿದಳಂತೆ.

“ಏನಂದ್ಳು?” ಎಂದೆ.

“ಇನ್ಮೇಲೆ ನೀನು ಬರ್ಬ್ಯಾಡ ಕಣಪ್ಪ ಅಂದ್ಳು,” ಎಂದರು. ಹೇಳಿ ಮುಖ ಗೋಡೆಗೆ ತಿರುಗಿಸಿಕೊಂಡರು.

ಮೂರು ವರ್ಷ ನಾನು ಬಯಸಿದ ಮಾತದು. ಆದರೂ ಅವರ ಬೆನ್ನು ನೋಡುತ್ತ ನನಗೆ ಅಳು ಬಂತು. ಒಂದು ಸಲ ಬಿದ್ದದ್ದಕ್ಕೆ ಇಷ್ಟು ವರ್ಷದ್ದೆಲ್ಲ ಮರೆತುಬಿಟ್ಟರಲ್ಲ ಎಂದು ಆ ಅಂಜಿನಮ್ಮನನ್ನು ಬಾಯಿಗೆ ಬಂದಂತೆ ಶಪಿಸಿದೆ. ಅವರು ಅದಕ್ಕೂ ಬಿಡಲಿಲ್ಲ. “ಅನ್ಬ್ಯಾಡ, ಪಾಪ. ಅವ್ಳಿಗೆ ಅವ್ಳ ಹುಳದ ಚಿಂತೆ,” ಎಂದರು.

ಲಕ್ಷ್ಮಯ್ಯನವರು ಬಂದು ಎಣ್ಣೆ ಹಾಕಿ ಕಟ್ಟಿದರು. ಮನೆಯೆಲ್ಲ ಕರ್ಪೂರ, ನೀಲಗಿರಿ, ಇನ್ನೂ ಏನೇನೋ ಬೇರಿನ ಘಾಟು. ಮೊದಲ ವಾರ ಯಜಮಾನರು ಹಗಲು ರಾತ್ರಿ ನಿದ್ದೆ ಮಾಡಿದರು, ಎಷ್ಟು ವರ್ಷದ ನಿದ್ದೆಯೋ. ಎದ್ದ ಮೇಲೆ ಚಿಂತೆ ಶುರುವಾಯಿತು. ಮುಂದಿನ ಬೆಳೆಗೆ ಮೊಟ್ಟೆ ಯಾರು ಒಯ್ಯುತ್ತಾರೆ? ಕೋಠಿಯಿಂದ ಯಾರೇ ಬಂದರೂ ಅದೇ ಪ್ರಶ್ನೆ. ದೊಡ್ಡಬೆಳವಂಗಲದ ಕಡೆಯವರು ಬಂದು ಬಸ್ಸಿನಲ್ಲಿ ತೆಗೆದುಕೊಂಡು ಹೋದರೆಂದು ತಿಳಿದಾಗ ಎದ್ದು ಕೂತುಬಿಟ್ಟರು. “ಬಸ್ಸಲ್ಲಾ? ಬೀಡಿ ಹೊಗೇಲಾ? ಅಯ್ಯೋ, ಒಂದು ಹುಳ ಉಳಿಯಲ್ಲ,” ಎಂದು ಒದ್ದಾಡಿದರು. ಎಷ್ಟು ದಿನಕ್ಕೆ ಮೊದಲ ಜ್ವರ, ಎಷ್ಟು ದಿನಕ್ಕೆ ಎರಡನೆಯ ಜ್ವರ ಎಂದು ಹುಳು ಪೊರೆ ಬಿಡುವ ದಿನಗಳನ್ನು ಹಾಸಿಗೆಯಲ್ಲೇ ಲೆಕ್ಕ ಹಾಕುವರು. ಕಟ್ಟು ಬಿಚ್ಚುವ ದಿನ ಲಕ್ಷ್ಮಯ್ಯನವರು ಕೈಯನ್ನು ಎತ್ತಿಸಿ ನೋಡಿದರು. ಎದೆಮಟ್ಟಕ್ಕೆ ಬಂದು ನಿಂತಿತು. “ತಡ ಆಯ್ತಪ್ಪ. ಇನ್ನು ಭುಜದ ಮೇಲಕ್ಕೆ ಏಳಲ್ಲ,” ಎಂದರು. ನಾನು ಒಳಗೆ ಹೋಗಿ ಅತ್ತು ಬಂದೆ. ಇವರು ಅವರನ್ನು ಕೇಳಿದ್ದೇನು ಗೊತ್ತೇ? ದೊಡ್ಡಬೆಳವಂಗಲದ ಕಡೆ ಬೆಳೆ ಹೇಗಿದೆ, ಏನಾದರೂ ಕೇಳಿದಿರಾ ಎಂದು.

ಅದಾಗಿ ಒಂದು ವಾರಕ್ಕೆ ಅಂಜಿನಮ್ಮ ಬಂದಳು. ಗೂಡು ಮಾರಲು ಮಗನ ಜೊತೆ ವಿಜಯಪುರಕ್ಕೆ ಬಂದವಳು, ಅವರಿವರನ್ನು ಕೇಳಿಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಮಡಿಲಲ್ಲಿ ಅವರೆಕಾಯಿ ತುಂಬಿಕೊಂಡಿದ್ದಳು. ನಾನು ನೀರು ಕೊಟ್ಟೆ, ಮಾತು ಕೊಡಲಿಲ್ಲ. ಮುದುಕಿ, ನಾನು ಅಂದುಕೊಂಡಷ್ಟು ಗಟ್ಟಿಗಿತ್ತಿಯ ಮುಖವೂ ಅಲ್ಲ.

“ಹುಳ?” ಎಂದರು ಯಜಮಾನರು, ಬೇರೆ ಮಾತಿಲ್ಲ.

“ಬಂಗಾರದಂತ ಬೆಳೆ ಆಯ್ತಪ್ಪ.”

“ಬಸ್ಸಲ್ಲಿ ತಗೊಂಡೋದ್ರಂತೆ. ಬೀಡಿ ಹೊಗೆ?”

“ಅದ್ಯಾವ ಹೊಗೆ. ಮುಚ್ಚಳದ ಬುಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಹೆಂಗಸ್ರ ಸೀಟಲ್ಲಿ ತೊಡೆ ಮ್ಯಾಲೆ ಇಟ್ಕೊಂಡು ಕೂತ್ರೆ ಆಯ್ತು. ಪಕ್ಕದೂರೋರು ಎರಡು ವರ್ಷದಿಂದ ಹಂಗೇ ತಾನೇ ತರೋದು. ಬೆಳಿಗ್ಗೆ ಬಸ್ಸು ಬಿಟ್ಟಾಗ್ಲಿಂದ. ಬಿಸಿಲೇರೋಕ್ಕೆ ಮುಂಚೆ ಮನೆ ಸೇರ್ತದೆ.”

ನಾನು ಒಲೆ ಊದುತ್ತಿದ್ದವಳು ಊದುಗೊಳವೆ ಬಿಟ್ಟು ಎದ್ದು ಬಂದೆ. “ಎರಡು ವರ್ಷದಿಂದಾನಾ? ಮತ್ತೆ ನೀವು ಯಾಕೆ ತರ್ಲಿಲ್ಲ?”

ಅಂಜಿನಮ್ಮ ಸೆರಗಿನ ತುದಿ ತಿರುಚುತ್ತ ಕೂತಳು. “ಹೆಂಗವ್ವ ಹೇಳೋದು? ಅಷ್ಟು ದೂರದಿಂದ ನಮ್ಮ ಊರುಗಳನ್ನೇ ನಂಬ್ಕೊಂಡು ಬತ್ತಾನೆ. ನಾವೇ ತಂದ್ಕೊತೀವಿ, ನೀನು ಬರ್ಬ್ಯಾಡ ಅಂದ್ರೆ ಹೊಟ್ಟೆ ಮ್ಯಾಲೆ ಹೊಡ್ದಂಗಲ್ವಾ? ಅದ್ಕೇ ಎಲ್ರೂ ಮಾತಾಡ್ಕೊಂಡು ಸುಮ್ಕಿದ್ವಿ. ಇವ್ನಾಗಿ ಇವ್ನೇ ಬಿಡೋಗಂಟ ಇರ್ಲಿ ಅಂತ. ಅವತ್ತು ಆ ಕೈ ನೋಡಿದ್ಮ್ಯಾಲೆ ನನ್ನ ಜೀವ ತಡೀಲಿಲ್ಲ, ಬಾಯಿ ಬಿಟ್ಟೇಬಿಟ್ಟೆ. ತಪ್ಪು ತಿಳ್ಕೋಬ್ಯಾಡಪ್ಪ.”

ನನ್ನ ಮೈಯೆಲ್ಲ ಉರಿದು ಹೋಯಿತು. ಇವರು ಅವರಿಗೋಸ್ಕರ, ಅವರು ಇವರಿಗೋಸ್ಕರ! ಎರಡು ವರ್ಷ ಆ ದರಿದ್ರ ಟೈರಿನ ಜೊತೆ ಗುದ್ದಾಡಿ ಒಂದು ಕೈ ಕಳೆದುಕೊಂಡದ್ದು ಯಾರಿಗೂ ಬೇಡದ ಸವಾರಿಗೆ. ಬೈಯಬೇಕು, ಆದರೆ ಯಾರನ್ನು? ಆ ಮುದುಕಿಯ ಕಣ್ಣಲ್ಲಿ ನೀರಿತ್ತು. ಮತ್ತೆ ಒಲೆಯ ಹತ್ತಿರ ಹೋಗಿ ಅವಳಿಗೂ ಸೇರಿಸಿ ಅಕ್ಕಿ ಹಾಕಿದೆ.

ಉಂಡು, ಎಲೆ ಅಡಿಕೆ ಹಾಕಿಕೊಂಡು ಅವಳು ಹೊರಟು ಹೋದಳು. ಯಜಮಾನರು ಜಗಲಿಯ ಮೇಲೆ ಹಾಗೇ ಕೂತಿದ್ದರು. ನಾನು ಅವರೆಕಾಯಿ ಸುಲಿಯಲು ಮೊರ ತಂದು ಎದುರಿಗೆ ಕೂತೆ. ಇನ್ನೇನು ಹೇಳುತ್ತಾರೆ, ಪಾಪ ಒಳ್ಳೆ ಜನ ಎಂದು ಹೇಳುತ್ತಾರೆ ಎಂದುಕೊಂಡೆ.

“ನಂಗೂ ಸಾಕಾಗೋಗಿತ್ತು ಕಣೇ,” ಎಂದರು.

ಸುಲಿಯುತ್ತಿದ್ದ ಕೈ ನಿಂತಿತು. “ಯಾವಾಗಿಂದ?”

“ಆ ಕಾರಿನ ಟೈರು ಹಾಕ್ಸಿದ ವರ್ಷದಿಂದಾನೇ. ಪ್ರತಿ ಸಲ ಆ ಮರದ ಕೆಳಗೆ ಗಾಡಿ ನಿಲ್ಲಿಸ್ದಾಗ ಇವತ್ತು ಹೇಳ್ಬಿಡಣ, ಇನ್ನು ನನ್ನ ಕೈಲಾಗಲ್ಲ ಅನ್ಬಿಡಣ ಅಂತ ಹೋಗ್ತಿದ್ದೆ. ಅವ್ರು ಹೊಸಿಲಲ್ಲಿ ಕಾಯ್ತಾ ನಿಂತಿರೋರು. ಬಾಯಿ ಬರ್ತಿರ್ಲಿಲ್ಲ.”

ಅವರ ಧ್ವನಿ ಒಡೆದಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಕೇಳದ ಧ್ವನಿ. ನನಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದವು.

“ನಂಗಾದ್ರೂ ಹೇಳ್ಬಾರ್ದಾಗಿತ್ತೇನ್ರೀ? ದಿನಾ ಇದೇ ಜಗಲೀಲಿ ನಿಮ್ಮ ಬೆನ್ನ ಹಿಂದೆ ಕೂತಿರ್ತಿದ್ನಲ್ಲ, ಒಂದು ಮಾತು ಹೇಳ್ಬಾರ್ದಾಗಿತ್ತಾ?”

ಅವರು ತಲೆ ಎತ್ತಿ ನನ್ನನ್ನು ನೋಡಿದರು.

“ನಿಂಗೆ ಹೇಳಿದ್ರೆ ನೀನು ಮಾರನೇ ದಿನಾನೇ ಹೋಗಿ ಅವ್ರಿಗೆ ಹೇಳ್ಬಿಡ್ತಿದ್ದೆ.”

ಹೌದು, ಹೇಳಿಬಿಡುತ್ತಿದ್ದೆ. ಮೊದಲನೆಯ ಬಸ್ಸಿಗೇ ಹೋಗಿ ಹೇಳಿಬಿಡುತ್ತಿದ್ದೆ. ಆ ಕೈ ಉಳಿಯುತ್ತಿತ್ತು.